ಜಾರುವ ಹಿಡಿ

೧೭ ಡಿಸೆಂಬರ್ ೨೦೨೩

ನಮ್ಮವರನ್ನು ಪೊಲೀಸರು ಕರೆದುಕೊಂಡು ಹೋದರು. ವಿರುಪಾಕ್ಷಪ್ಪನವರ ಮಗ ಕುನಾಲನನ್ನು ಕೊಂದವರು ಇವರೇ ಅಂತೆ. ಯಾರ ಮುಂದೆಯೂ ಬಾಯಿ ಬಿಡಲು ಆಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವಿರುಪಾಕ್ಷಪ್ಪನವರ ದ್ರಾಕ್ಷಿ ತೋಟ ಹೊಲದಲ್ಲಿರುವ ನಮ್ಮ ವಸ್ತಿ ಮನೆಗೆ ಹತ್ತಿಕೊಂಡೇ ಇದೆ. ಈ ತಿಂಗಳ ಮೊದಲಲ್ಲಿ ನಮ್ಮ ಕುರಿಗಳು ಆ ತೋಟದ ಬದುವಿನ ಮೇಲಿದ್ದ ಅರ್ಧ ಕೊಯ್ದ ಡ್ರಮ್ಮಿನ ನೀರು ಕುಡಿದವು. ದ್ರಾಕ್ಷಿಗೆ ಹೊಡೆಯುವ ಔಷಧ ಕಲಸಿಟ್ಟ ನೀರು. ಅರ್ಧ ಹಿಂಡು ಕಾಲು ಬಡಿಯುತ್ತ ಸತ್ತಿತು. ಕುನಾಲ ಬೇಕಂತಲೇ ಡ್ರಮ್ಮು ತೆರೆದಿಟ್ಟ ಎಂದು ಇವರು ಹಾರೂಗೇರಿಯ ಬಸ್‌ಸ್ಟ್ಯಾಂಡಿನಲ್ಲಿ ಅವನ ಕೊರಳಪಟ್ಟಿ ಹಿಡಿದಿದ್ದರು. ಊರೆಲ್ಲ ನೋಡಿತು. ಮೊನ್ನೆ ಕಬ್ಬಿನ ಹೊಲದಲ್ಲಿ ಅವನ ಹೆಣ ಸಿಕ್ಕಿತು. ಮೂರು ಕಡೆ ಇರಿದಿದ್ದರು. ಪೊಲೀಸರಿಗೆ ಇನ್ನೇನು ಬೇಕು?

ಹೋಗುವಾಗ ದೇವರ ಜಗಲಿಯ ಮೇಲಿದ್ದ ಹಳೆಯ ಚೂರಿಯನ್ನೂ ಒಯ್ದರು. ಅತ್ತಿ ಲಗಮವ್ವ ಅಡ್ಡ ನಿಂತು, “ಅದು ದೇವರದೈತ್ರಿ, ಮುಟ್ಟಬ್ಯಾಡ್ರಿ” ಎಂದರು. ಯಾರೂ ಕೇಳಲಿಲ್ಲ. ಮಾವನವರ ಮುತ್ತಜ್ಜ ಹಂದಿ ಬೇಟೆಗೆ ಒಯ್ಯುತ್ತಿದ್ದ ಚೂರಿ ಅದು. ವರ್ಷಕ್ಕೊಮ್ಮೆ ದಸರೆಯಲ್ಲಿ, ಆಯುಧಗಳ ಖಂಡೇ ಪೂಜೆಯ ದಿನ ಬಿಚ್ಚಿ ಅರಿಶಿನ ಹಚ್ಚಿ, ಮತ್ತೆ ಕೆಂಪು ಬಟ್ಟೆಯಲ್ಲಿ ಸುತ್ತಿ ಇಡುತ್ತೇವೆ. ಅದರಿಂದ ಯಾರಾದರೂ ಕೊಲೆ ಮಾಡುತ್ತಾರೆಯೇ?

ಕುನಾಲ ಸತ್ತ ಸಂಜೆ ಜಗಲಿಗೆ ದೀಪ ಹಚ್ಚಿದವಳು ನಾನು. ಚೂರಿ ಅಲ್ಲೇ ಇತ್ತು. ಕಣ್ಣಾರೆ ನೋಡಿದ್ದೇನೆ. ಠಾಣೆಯಲ್ಲಿ ಇದನ್ನೇ ಹೇಳಿ ಬರೆಸಿದೆ. ಎಷ್ಟು ಸಲ ಕೇಳಿದರೂ ಇದನ್ನೇ ಹೇಳುತ್ತೇನೆ.

೨೧ ಡಿಸೆಂಬರ್

ಪಾಠ ಮಾಡಲು ಶಾಲೆಗೆ ಹೋಗಲಿಲ್ಲ. ಉಳಿದ ಕುರಿಗಳನ್ನು ಮಾವನವರೇ ಬಿಟ್ಟುಕೊಂಡು ಹೋದರು. ಅತ್ತಿ ಗೋಡೆಯ ಕಡೆ ಮುಖ ಮಾಡಿ ಮಲಗಿ, ಮಾಳು, ಮಾಳು ಎಂದು ಮಗನ ಹೆಸರು ಹೇಳುತ್ತಿದ್ದಾರೆ.

೯ ಜನವರಿ ೨೦೨೪

ಚಿಕ್ಕೋಡಿಯಲ್ಲಿ ವಕೀಲರು ಸಿಕ್ಕಿದ್ದಾರೆ. ಹೆಸರು ಸುಮೇಧ. ಚಿಕ್ಕ ವಯಸ್ಸು, ಆದರೆ ಮಾತು ತೂಕದ್ದು.

“ಕಣ್ಣಿಂದ ನೋಡಿದವರು ಯಾರೂ ಇಲ್ರಿ ಮೇಡಂ. ಈ ಕೇಸು ನಿಂತದ್ದು ಚೂರಿ ಮ್ಯಾಲೆ” ಎಂದರು. ಪೊಲೀಸರು ಅದನ್ನು ಯಾವುದೋ ಕಮ್ಮಾರ ಬಡಿದ ಕುರಿ ಕೊಯ್ಯುವ ಚೂರಿ ಎಂದು ಬರೆದಿದ್ದಾರಂತೆ. ಸುಮೇಧ ಅದರ ಫೋಟೋ ಮೇಜಿನ ಮೇಲಿಟ್ಟು ಹಿಡಿಯ ಮೇಲೆ ಬೆರಳಿಟ್ಟರು. “ಇದನ್ನ ನೋಡ್ರಿ. ಇಂಥಾ ಹಿಡಿ ನೀವು ಎಲ್ಲೆರೆ ನೋಡೀರೇನು?”

ಮದುವೆಯಾಗಿ ಬಂದಾಗಿನಿಂದ ಆ ಚೂರಿ ಮನೆಯಲ್ಲಿದೆ, ಆದರೆ ನಾನು ಅದನ್ನು ಸರಿಯಾಗಿ ನೋಡಿದ್ದು ಇವತ್ತೇ. ಅಲಗಿನ ಹತ್ತಿರ ಹಿಡಿ ದಪ್ಪ, ಹಿಂದಕ್ಕೆ ಹೋದಂತೆ ಗಜ್ಜರಿಯಂತೆ, ಕ್ಯಾರೆಟ್ಟಿನಂತೆ, ಸಣ್ಣಗಾಗುತ್ತದೆ. ಉಳಿದ ಚೂರಿಗಳೆಲ್ಲ ಇದಕ್ಕೆ ಉಲ್ಟಾ. ಹಳೆಯ ಆಯುಧಗಳನ್ನು ಗುರುತಿಸುವ ಒಬ್ಬ ಹೆಣ್ಣುಮಗಳು ನಿಪ್ಪಾಣಿಯಲ್ಲಿದ್ದಾರೆ, ಹೋಗಿ ತೋರಿಸಿ ಎಂದು ಸುಮೇಧ ಫೋಟೋಗಳನ್ನು ಕೊಟ್ಟರು.

೨೧ ಜನವರಿ

ಇವತ್ತು ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ನಿಪ್ಪಾಣಿಯಲ್ಲಿ ಬಸ್ಸಿಳಿದರೆ ಗಾಳಿಯೆಲ್ಲ ತಂಬಾಕಿನ ಘಾಟು. ಸೋನಾಲಿಯವರು ಕೊಲ್ಲಾಪುರದಲ್ಲಿ ಹಳೆಯ ವಸ್ತುಗಳ ಸಂಗ್ರಹಾಲಯವೊಂದರಲ್ಲಿ ಕೆಲಸ ಮಾಡುತ್ತಾರೆ, ರವಿವಾರ ಮನೆಗೆ ಬರುತ್ತಾರೆ. ಮಾತಿನ ನಡುವೆ ಮರಾಠಿ ಇಣುಕುತ್ತದೆ. ಫೋಟೋ ನೋಡಿದವರೇ ಎದ್ದು ಅಡುಗೆಮನೆಗೆ ಹೋದರು. ಬರುವಾಗ ಒಂದು ಕೈಯಲ್ಲಿ ಗಜ್ಜರಿ, ಇನ್ನೊಂದರಲ್ಲಿ ನಳದ ಪೈಪಿನ ತುಂಡು.

“ಹೇ ಬಘಾ, ಇಲ್ಲಿ ನೋಡ್ರಿ, ಈ ಪೈಪು ಬಂದೂಕಿನ ನಳಿಗಿ. ಹಿಂದಕ ಒಂದ ಗುಂಡ ಹೊಡದ್ರ ಮತ್ತ ಮದ್ದು ತುಂಬಾಕ ಹೊತ್ತು ಬೇಕಿತ್ತು. ಅಷ್ಟರಾಗ ಗಾಯ ಆದ ಹಂದಿ ಮೈಮ್ಯಾಲೆ ಬರ್ತೈತಿ. ಆವಾಗ ಏನ ಮಾಡ್ತೀರಿ?”

ಗಜ್ಜರಿಯ ಸಣ್ಣ ತುದಿಯನ್ನು ಪೈಪಿನ ಬಾಯಿಗೆ ತುರುಕಿ ಒತ್ತಿ ತಿರುವಿದರು. ಬಿಗಿಯಾಗಿ ಕೂತಿತು. “ಬಂದೂಕ ಹೋಗಿ ಈಟಿ ಆತು. ಇದಕ್ಕ ಪ್ಲಗ್ ಬಯೊನೆಟ್ ಅಂತಾರ. ಬೆಣಿ ಹಂಗ ಬಡಿಯೋ ಸಂಗೀನು. ಮುನ್ನೂರು ವರ್ಷದ ಹಿಂದ ಸೈನ್ಯದಾಗೂ ಇತ್ತು. ಆದ್ರ ಇದು ಬಾಯಾಗ ಇದ್ದಾಗ ಗುಂಡ ಹಾರ್ಸಾಕ ಬರಂಗಿಲ್ಲ. ಅದಕ್ಕ ಸೈನ್ಯದವರು ಲಗೂನ ಬಿಟ್ರು, ಬೇಟಿಯವರು ಬಾಳ ದಿನ ಇಟ್ಕೊಂಡ್ರು.”

ಸೈನ್ಯದ್ದು ಯಾವುದು, ಬೇಟೆಯದು ಯಾವುದು ಎಂದು ಗುರುತಿಸುವುದು ಹೇಗೆ ಎಂದು ಕೇಳಿದೆ. ಸೈನ್ಯದ್ದು ಎಲ್ಲ ಒಂದೇ ಥರ ಇರುತ್ತದೆ, ಸರಳ, ಕೆಲವಕ್ಕೆ ನಂಬರು ಬಡಿದಿರುತ್ತಾರೆ. ಬೇಟೆಯದು ಒಬ್ಬ ಮನುಷ್ಯ ತನಗಾಗಿ ಮಾಡಿಸಿಕೊಂಡದ್ದು, ಹಿತ್ತಾಳೆ ಕೆಲಸ, ಚಿತ್ರ ಎಲ್ಲ ಇರುತ್ತದೆ. ಬಂದೂಕಿಗೆ ಹಾಕಿ ಬಳಸಿದ್ದರೆ ಹಿಡಿಯ ಸುತ್ತ ನಳಿಗೆಯ ಬಾಯಿ ಕಚ್ಚಿದ ಬಳೆಯಂಥ ಗುರುತು ಬಿದ್ದಿರಬೇಕು. ಫೋಟೋದಲ್ಲಿ ಅದು ಕಾಣುವುದಿಲ್ಲ, ವಸ್ತುವನ್ನೇ ನೋಡಬೇಕು ಎಂದರು.

ಆಮೇಲೆ ಹೋದ ಜೀವ ಬರುವ ಮಾತು ಹೇಳಿದರು. “ಈ ಹಿಡಿಯಿಂದ ಒಂದ ಸಲ ಇರಿಯಾಕ ಬರ್ತೈತಿ. ಹೊರಗ ಎಳಿಯಾಕ ಬರಂಗಿಲ್ಲ. ಹಿಂದ ಸಣ್ಣಗಾಗೇತಲ್ಲ, ರಕ್ತದ ಕೈ ಜಾರಿ ಹೋಗ್ತೈತಿ. ಅಲಗು ಅಲ್ಲೇ ಉಳೀತೈತಿ.”

ಕುನಾಲನ ಮೈಮೇಲೆ ಮೂರು ಗಾಯ. ಅಂದರೆ ಈ ಚೂರಿ ಅಲ್ಲ. ಅಂದರೆ ನಮ್ಮವರು ಅಲ್ಲ.

ಮನೆಗೆ ಬಂದು ಅತ್ತಿಗೆ, ಮಾವನವರಿಗೆ ಗಜ್ಜರಿಯಲ್ಲೇ ತೋರಿಸಿದೆ. ಮಾವ ಸಿದರಾಯ ಅದನ್ನು ಕೈಯಲ್ಲಿ ತಿರುಗಿಸಿ, “ನಮ್ಮ ಮುತ್ತ್ಯಾ ಸುಳ್ಳ ಹೇಳಿರಲಿಲ್ಲ ನೋಡು” ಎಂದರು. ಕುನಾಲ ಸತ್ತ ಸಂಜೆ ದೀಪಕ್ಕೆ ಎಣ್ಣೆ ಹಾಕುವಾಗ ಕೆಂಪು ಬಟ್ಟೆ ಅಲ್ಲೇ ಇದ್ದದ್ದು ನನಗೆ ಚೆನ್ನಾಗಿ ನೆನಪಿದೆ.

೧೧ ಫೆಬ್ರವರಿ

ಹಿಂಡಲಗಾ ಜೈಲಿಗೆ ಹೋಗಿದ್ದೆ. ಇವರು ಸೊರಗಿದ್ದಾರೆ. ಜಾಳಿಗೆಯ ಆಚೆಗೆ ನಿಂತವರಿಗೆ ಒಂದೇ ಉಸಿರಿಗೆ ಎಲ್ಲ ಹೇಳಿದೆ: ಬಂದೂಕು, ಹಂದಿ, ಜಾರುವ ಹಿಡಿ. ನಗುತ್ತಾರೆ ಅಂದುಕೊಂಡಿದ್ದೆ.

“ಆ ಹೆಣ್ಮಗಳು ಚೂರಿ ಕೈಯಾಗ ಹಿಡದು ನೋಡ್ತಾಳೇನು?” ಎಂದು ಕೇಳಿದರು.

“ಕೋರ್ಟು ಒಪ್ಪಿದ್ರ ನೋಡ್ತಾರ್ರಿ.”

“ಫೋಟೋ ಸಾಕಾಗಂಗಿಲ್ಲೇನು? ನೀ ಯಾಕ ಇಷ್ಟ ಅದರ ಹಿಂದ ಬಿದ್ದೀ?”

ನಿಮ್ಮನ್ನು ಬಿಡಿಸಲು ಎಂದೆ. ಕುರಿ ಹೇಗಿವೆ ಎಂದು ಕೇಳಿದರು. ಜೈಲಿನಲ್ಲಿದ್ದವರಿಗೆ ಆಸೆ ಪಡುವುದಕ್ಕೂ ಹೆದರಿಕೆಯಾಗುತ್ತದೆ ಅಂತ ಕಾಣುತ್ತದೆ.

೨ ಜುಲೈ

ಶಾಲೆ, ಕುರಿ, ಕೋರ್ಟು. ತಾರೀಖಿನ ಮೇಲೆ ತಾರೀಖು. ಚೂರಿ ನೋಡಲು ಕೊಟ್ಟ ಅರ್ಜಿ ಇನ್ನೂ ಹಾಗೇ ಇದೆ. ಪ್ರಯೋಗಾಲಯದ ವರದಿ ಬಂತು: ಅಲಗಿನ ಮೇಲೆ ರಕ್ತ ಇಲ್ಲ, ಹಿಡಿಯ ಮೇಲೆ ಏನೋ ಕಪ್ಪು ಅಂಟು. ರಕ್ತ ಇಲ್ಲ ಎಂಬುದನ್ನು ಸುಮೇಧ ಎರಡು ಸಲ ಓದಿ ತೋರಿಸಿದರು.

೨೮ ಆಗಸ್ಟ್

ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಯಾರೋ ಕೂತರು. ತಿರುಗಿ ನೋಡಿದರೆ ಗೌರಾಬಾಯಿ, ಕುನಾಲನ ತಾಯಿ. ಏಳಲು ಹೋದೆ. “ಕೂಡವಾ” ಎಂದರು.

ಆಮೇಲೆ ನನ್ನ ಕಡೆ ನೋಡದೆಯೇ, “ಅವಗ ಸಣ್ಣಾಂವ ಇದ್ದಾಗಿಂದ ಅಂಜಿಕಿ ಬಾಳ. ಇಂಜೆಕ್ಷನ್ ಅಂದ್ರ ಮನಿ ಬಿಟ್ಟು ಓಡತಿದ್ದ. ಇರಿಯುವಾಗ ಕೂಗಿರಬೇಕಲ್ಲ? ನಾ ತೋಟದಾಗ ಇದ್ದೆ. ನನಗ ಕೇಳಿಸಲಿಲ್ಲ” ಎಂದರು.

ನಮ್ಮವರಲ್ಲ ಎಂದು ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು, ಹೇಳಲಿಲ್ಲ. ವಿರುಪಾಕ್ಷಪ್ಪನವರು ಬಂದು, ಇಲ್ಲಿ ಯಾಕೆ ಕೂತಿದ್ದಿ ಎಂದು ಬೈದು ಕರೆದುಕೊಂಡು ಹೋದರು.

ಅರ್ಜಿ ಒಪ್ಪಿದ್ದಾರೆ. ಮುಂದಿನ ತಿಂಗಳು ಚೂರಿ ನೋಡಬಹುದು.

೧೯ ಸೆಪ್ಟೆಂಬರ್

ಹೇಗೆ ಬರೆಯಲಿ.

ಕೋರ್ಟಿನ ಗುಮಾಸ್ತರು, ಒಬ್ಬ ಪೊಲೀಸು, ಸುಮೇಧ, ಸೋನಾಲಿ, ನಾನು. ಮೊಹರು ಒಡೆದು ಚೂರಿಯನ್ನು ಮೇಜಿನ ಮೇಲಿಟ್ಟರು. ಅರಿಶಿನದ ಕಲೆ ಇನ್ನೂ ಅಡ್ಡಪಟ್ಟಿಯ ಸಂದಿಯಲ್ಲಿತ್ತು. ಸೋನಾಲಿಯವರು ಕೈಗವಸು ಹಾಕಿಕೊಂಡು ಭೂತಗನ್ನಡಿ ಹಿಡಿದು ನೋಡಿದರು. ಅವರ ಮುಖ ಅರಳಿತು. ಹಿತ್ತಾಳೆ ಪಟ್ಟಿಯ ಮೇಲೆ ಓಡುವ ನಾಯಿ, ಮುಂದೆ ಒಂದು ಮೊಲ. ನಂಬರು ಎಲ್ಲೂ ಇಲ್ಲ. ಹಿಡಿಯ ನಡುವೆ, ಅವರು ಹೇಳಿದ್ದ ಹಾಗೆಯೇ, ಬಳೆಯಂಥ ಗುರುತು. “ಬೇಟಿದ. ಶಂಭರ್ ಟಕ್ಕೆ, ನೂರಕ್ಕ ನೂರು ಬೇಟಿದ” ಎಂದು ಗಟ್ಟಿಯಾಗಿಯೇ ಹೇಳಿದರು. ಗೋವಾದ ಪೋರ್ಚುಗೀಸರ ಕಡೆಯಿಂದ ಬಂದಿರಬಹುದಂತೆ, ಅದು ಊಹೆ ಮಾತ್ರ. ನಾನು ಸುಮೇಧರನ್ನು ನೋಡಿ ನಕ್ಕೆ.

ಆಮೇಲೆ ಅವರು ಆ ಬಳೆಯ ಗುರುತಿನ ಹತ್ತಿರವೇ ಗಾಜು ಹಿಡಿದು ತುಂಬ ಹೊತ್ತು ನಿಂತರು.

ಹೊರಗೆ ಬಂದು ಚಹಾದ ಅಂಗಡಿಯ ಹಿಂದೆ ಕರೆದುಕೊಂಡು ಹೋಗಿ ಹೇಳಿದರು. “ಹಿಡಿ ಮ್ಯಾಲಿನ ಕಪ್ಪು ಅಂಟು ಹಳೇದಲ್ಲ. ಪಂಕ್ಚರ್ ತಗಿಯೋ ಸಲ್ಯೂಷನ್ ಅದು. ಕಟ್ಟಿಗಿ ಮ್ಯಾಲೆ ರಬ್ಬರ್ ಸುತ್ತಿದ ಗೀರು ಅದಾವ. ಕೈ ಜಾರಬಾರದು ಅಂತ ಯಾರೋ ಸೈಕಲ್ ಟ್ಯೂಬಿನ ರಬ್ಬರ್ ಸುತ್ತ್ಯಾರ. ಆಮ್ಯಾಲೆ ಬಿಚ್ಚ್ಯಾರ.”

ಸುಮೇಧ ಕೇಳಿದರು, “ಇದನ್ನ ಹೇಳಲಾರದ ಬರೀ ಹಿಡಿ ಜಾರತೈತಿ ಅಂತ ಸಾಕ್ಷಿ ಹೇಳಬಹುದಲ್ರಿ?”

“ಅರ್ಧಾ ಹೇಳಾಕ ನನಗ ಬರಂಗಿಲ್ಲ. ಕರದ್ರ ಎರಡೂ ಹೇಳ್ತೀನಿ. ಕರೀಲಿಲ್ಲಂದ್ರ ನಾ ಬರಂಗಿಲ್ಲ.”

“ಹಂಗಾರ ಕರಿಯೂದಿಲ್ಲ ಬಿಡ್ರಿ” ಎಂದರು ಸುಮೇಧ.

ಇಬ್ಬರೂ ನನ್ನ ಕಡೆ ನೋಡುತ್ತಿದ್ದರು. ನನ್ನ ಕಣ್ಣ ಮುಂದೆ ನಮ್ಮ ಕಿಟಕಿಯ ಕಟ್ಟೆ ಬಂತು. ಕುರಿ ಸತ್ತ ಮೇಲೆ ಒಂದು ದಿನ ಅಲ್ಲಿ ಸಲ್ಯೂಷನ್ನಿನ ಟ್ಯೂಬು ಮುಚ್ಚಳವಿಲ್ಲದೆ ಬಿದ್ದು ಒಣಗಿತ್ತು. ನನ್ನ ಸೈಕಲ್ಲಿಗೆಂದು ತಂದದ್ದು. ಇವರ ಮೇಲೆ ರೇಗಿದ್ದೆ. ಕುಡುಗೋಲಿನ ಹಿಡಿ ಸಡಿಲಾಗಿತ್ತು ಎಂದಿದ್ದರು.

ಬಸ್ಸಿಳಿದಾಗ ಕತ್ತಲಾಗಿತ್ತು, ಕುಡುಗೋಲು ಹುಡುಕಲು ಆಗಲಿಲ್ಲ.

೨೦ ಸೆಪ್ಟೆಂಬರ್

ಕುಡುಗೋಲು ನೋಡಿದೆ. ಹಿಡಿಗೆ ಏನೂ ಸುತ್ತಿಲ್ಲ. ಸುತ್ತಿದ ಗುರುತೂ ಇಲ್ಲ.

೬ ಅಕ್ಟೋಬರ್

ಹಿಂಡಲಗಾಕ್ಕೆ ಹೋದೆ. ಮೊದಲೇ ಹೇಳಿಬಿಟ್ಟೆ, ಹಿಡಿಯ ಮೇಲೆ ಅಂಟು ಸಿಕ್ಕಿದೆ ಎಂದು.

“ಯಾಕ ಸುತ್ತಿದ್ರಿ?”

ಮಾಳು ಜಾಳಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಆ ಕೈಗಳನ್ನೇ ನೋಡುತ್ತಿದ್ದೆ. ಕುರಿಮರಿ ಹುಟ್ಟುವಾಗ ತಾಯಿಗೆ ನೋವಾಗದಂತೆ ಮೆಲ್ಲಗೆ ಎಳೆಯುವ ಕೈಗಳು.

“ನೀ ಸಾಲಿಗೆ ಹೋಗಿದ್ದಿ. ಅವು ಹೆಂಗ ಒದ್ದಾಡಿದ್ವು ನೀ ನೋಡಿಲ್ಲ” ಎಂದ.

“ಅವ ಮನಶ್ಯಾ ಇದ್ನಲ್ರಿ.”

“ನೀ ನೋಡಿಲ್ಲ” ಎಂದು ಮತ್ತೆ ಅದನ್ನೇ ಹೇಳಿದ.

ಮನೆಗೆ ಬಂದಾಗ ಅತ್ತಿ ಬಾಗಿಲಲ್ಲೇ ಇದ್ದರು. ಹೇಗಿದ್ದಾನೆ ಎಂದು ಕೇಳಿದರು. ಆರಾಮ ಇದ್ದಾನೆ ಎಂದೆ.

೧೨ ಅಕ್ಟೋಬರ್

ಖಂಡೇ ಪೂಜೆ. ಅತ್ತಿ ಖಾಲಿ ಕೆಂಪು ಬಟ್ಟೆಯನ್ನೇ ಒಗೆದು ಮಡಚಿಟ್ಟು ಅರಿಶಿನ ಏರಿಸಿದರು. “ಮುಂದಿನ ವರ್ಷಕ್ಕ ಮಾಳುನೂ ಬರ್ತಾನ, ಅದೂ ಬರ್ತೈತಿ” ಎಂದರು. ನಾನು ಹೊರಗೆ ಹೋಗಿ ಕುರಿ ಕೊಟ್ಟಿಗೆ ಗುಡಿಸಿದೆ.

೧೪ ಜನವರಿ ೨೦೨೫

ಸಂಕ್ರಾಂತಿ. ಮಾವ ಎಳ್ಳು ಕೊಟ್ಟರು. ಅತ್ತಿ ಮಾವ ಇಬ್ಬರಿಗೂ ನಾನು ಏನೂ ಹೇಳಿಲ್ಲ. ಹೇಳಿದರೆ ಮನೆಯಲ್ಲಿ ಏನು ಉಳಿಯುತ್ತದೆ?

೨೩ ಫೆಬ್ರವರಿ

ಸುಮೇಧ ಫೋನು ಮಾಡಿದ್ದರು. ಸರ್ಕಾರದ ಕಡೆಯ ಸಾಕ್ಷಿಗಳೆಲ್ಲ ಮುಗಿದವು, ಕೇಸು ಸಡಿಲಿದೆ, ರಕ್ತ ಇಲ್ಲ, ನೋಡಿದವರಿಲ್ಲ. “ನೀವು ಒಂದ ಮಾತ ಹೇಳಿದ್ರ ಮುಗೀತ್ರಿ ಮೇಡಂ. ಆ ಸಂಜೀಕ ಚೂರಿ ಜಗಲಿ ಮ್ಯಾಲೆ ಇತ್ತು ಅಂತ.”

ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ ಎಂದೆ.

ಆ ಸಂಜೆ ನಾನು ಬತ್ತಿ ಹೊಸೆದೆ, ಎಣ್ಣೆ ಹಾಕಿದೆ, ಕಡ್ಡಿ ಗೀರಿದೆ. ದೀಪದ ಪಕ್ಕ ಬಟ್ಟೆ ಇತ್ತು. ಚಪ್ಪಟೆಯಾಗಿ ಬಿದ್ದಿತ್ತು. ಗಾಳಿಗೆ ಹಾರಿ ದೀಪಕ್ಕೆ ತಾಗೀತು ಎಂದು ಅದರ ಅಂಚಿನ ಮೇಲೆ ಕುಂಕುಮದ ಭರಣಿ ಇಟ್ಟೆ. ಇದು ನನಗೆ ಮೊದಲಿನಿಂದಲೂ ನೆನಪಿದೆ.

೧೮ ಮಾರ್ಚ್

ಇವತ್ತು ಸಾಕ್ಷಿ ಹೇಳಿ ಬಂದೆ.

ಸುಮೇಧ ಕೇಳಿದ್ದಕ್ಕೆಲ್ಲ ಹೇಳಿದೆ. ಜಗಲಿಯ ಮೇಲೆ ಏನಿತ್ತು? ಚೂರಿ ಸುತ್ತುವ ಕೆಂಪು ಬಟ್ಟೆ ಇತ್ತು. ಅಷ್ಟಕ್ಕೇ ಅವರು ಕೂತುಬಿಟ್ಟರು. ಅವರು ಜಾಣರು.

ಸರ್ಕಾರಿ ವಕೀಲರು ಎದ್ದರು. ಠಾಣೆಯ ಹೇಳಿಕೆಯಲ್ಲಿ ಚೂರಿಯನ್ನು ಕಣ್ಣಾರೆ ನೋಡಿದೆ ಎಂದು ಹೇಳಿದ್ದೀರಿ ಎಂದು ಓದಿದರು. ಹಾಗೆ ನಾನು ಯಾವಾಗ ಹೇಳಿದ್ದೆನೋ ನನಗೆ ನೆನಪೇ ಇಲ್ಲ.

“ಈಗ ಬಟ್ಟೆ ಅಂತೀರಿ. ನೀವು ನೋಡಿದ್ದು ಚೂರಿನೋ, ಬಟ್ಟೆನೋ?”

“ಬಟ್ಟಿ.”

“ಒಳಗ ಚೂರಿ ಇತ್ತೋ ಇಲ್ಲೋ ನಿಮಗ ಗೊತ್ತಿಲ್ಲ?”

ಅವರು ಸುಮ್ಮನೆ ಕತ್ತಲಲ್ಲಿ ಕಲ್ಲು ಎಸೆದಿದ್ದರು. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಮಾಳು ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಹಿಂದಿನ ಬೆಂಚಿನಲ್ಲಿ ಗೌರಾಬಾಯಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದರು.

“ಗೊತ್ತೈತ್ರಿ. ಇರಲಿಲ್ಲ. ಬಟ್ಟಿ ಚಪ್ಪಟ ಬಿದ್ದಿತ್ತು” ಎಂದೆ.

ಆಮೇಲೆ ಎಲ್ಲವನ್ನೂ ಕೇಳಿದರು. ಕಪ್ಪು ಅಂಟು ಏನು ಎಂದೂ ಕೇಳಿದರು. ಕಿಟಕಿಯ ಕಟ್ಟೆಯ ಮಾತು ಹೇಳಿದೆ. ಜೈಲಿನಲ್ಲಿ ಆಡಿದ ಮಾತನ್ನು ಯಾರೂ ಕೇಳಲಿಲ್ಲ. ಗಂಡ ಹೆಂಡತಿಯ ನಡುವಿನ ಮಾತು ಕಾನೂನಿನಲ್ಲಿ ಕೇಳುವಂತಿಲ್ಲವಂತೆ. ಸುಮೇಧ ತಲೆಯೆತ್ತಿ ನನ್ನನ್ನು ನೋಡಲಿಲ್ಲ.

ಅತ್ತಿ ಮಾವ ನನ್ನನ್ನು ಬಿಟ್ಟು ಮುಂಚಿನ ಬಸ್ಸಿಗೆ ಹೋದರು. ನಾನು ಮನೆ ಮುಟ್ಟಿದಾಗ ಬಾಗಿಲು ತೆರೆದೇ ಇತ್ತು. ಅತ್ತಿ ಒಲೆಯ ಮುಂದೆ ಕೂತಿದ್ದರು.

“ಗೊತ್ತಿಲ್ಲ ಅಂದಿದ್ರ ನಿನ್ನ ಬಾಯಾಗ ಹುಳ ಬೀಳತಿತ್ತೇನು?”

ನಾನು ಚೀಲವನ್ನು ಮೂಲೆಗೆ ಇಟ್ಟೆ.

“ಅವಾ ಮಾಡ್ಯಾನೇನು?”

“ಹೂಂ.”

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಕಾಗುವ ತನಕ ಅವರು ಅದನ್ನು ತೆಗೆಯಲಿಲ್ಲ.

೨೦ ಜೂನ್

ಜೀವಾವಧಿ ಶಿಕ್ಷೆ.

೨೫ ಜೂನ್

ಸಂಜೆ ಕುರಿ ಹೊಡೆದುಕೊಂಡು ಬರುವಾಗ ಗೌರಾಬಾಯಿ ತಮ್ಮ ತೋಟದ ಬದುವಿನಲ್ಲಿ ನಿಂತಿದ್ದರು. ಮಾವ ಮುಂದೆ ಹೋಗಿದ್ದರು. ಸಾಕ್ಷಿ ಹೇಳಿದ್ದಕ್ಕೆ ಗೌರಾಬಾಯಿ ನನಗೆ ಏನಾದರೂ ಒಳ್ಳೆಯದು ಹೇಳಬಹುದೆಂದು ನಾನು ಹೆದರಿದೆ. ಅವರು ಹೇಳಿದ್ದು ಬೇರೆ.

“ಔಷಧದ ಡ್ರಮ್ಮಿನ ಮ್ಯಾಲೆ ತಗಡ ಮುಚ್ಚಲಿಲ್ಲ ಅಂತ ನಿನ್ನ ಗಂಡ ಅವನ ಜೀವ ತಗದ. ಅವತ್ತ ತಗಡ ತಗದು ನೀರ ಹಾಕಿದಾಕಿ ನಾನು. ಮುಚ್ಚಾಕ ಮರತಾಕಿನೂ ನಾನು. ನನ್ನ ಮಗ ಬಸ್‌ಸ್ಟ್ಯಾಂಡಿನ್ಯಾಗ ಎಲ್ಲಾರ ಮುಂದ ಕೊರಳಪಟ್ಟಿ ಹಿಡಿಸ್ಕೊಂಡು ಬಂದ. ಖರೇ ಹೇಳಬಾರದೇನಲೇ ಅಂದೆ. ‘ಇರಲಿ ಬಿಡ ಅವ್ವಾ, ನಾಲ್ಕ ದಿನ ಸಿಟ್ಟ ಇರ್ತೈತಿ’ ಅಂದ.”

ಇದನ್ನು ಅವರ ಗಂಡನಿಗೂ ಹೇಳಿಲ್ಲವಂತೆ. ನನಗೆ ಯಾಕೆ ಹೇಳಿದರೋ ನಾನು ಕೇಳಲಿಲ್ಲ. ಕುರಿಗಳು ಅವರ ಕಾಲ ಸುತ್ತ ಮೇಯುತ್ತಿದ್ದವು. ಅವರು ಓಡಿಸಲಿಲ್ಲ.

೧೩ ಜುಲೈ

ಅತ್ತಿಯನ್ನು ಕರೆದುಕೊಂಡು ಹಿಂಡಲಗಾಕ್ಕೆ ಹೋದೆ. ಮಾಳು ನನ್ನನ್ನು ನೋಡಲು ಒಲ್ಲೆ ಎನ್ನುತ್ತಾನೆ ಅಂದುಕೊಂಡಿದ್ದೆ. ಬಂದ. ಅತ್ತಿ ಮೊದಲು ಮಾತಾಡಿ, ಅತ್ತು, ಹೊರಗೆ ಹೋಗಿ ಕೂತರು.

ನಾನು ಗೌರಾಬಾಯಿಯ ಮಾತನ್ನು ಇದ್ದ ಹಾಗೆ ಹೇಳಿದೆ. ಹೇಳಬೇಕೋ ಬೇಡವೋ ಎಂದು ಎಷ್ಟೋ ದಿನ ಯೋಚಿಸಿದ್ದೆ. ಆದರೆ ಎದುರಿಗೆ ನಿಂತಾಗ ಹೇಳದೆ ಇರಲು ಆಗಲಿಲ್ಲ.

ಅವನು ಜಾಳಿಗೆಗೆ ಹಣೆ ಹಚ್ಚಿದ.

“ಕಬ್ಬಿನ್ಯಾಗ ನಾ ಕೇಳಿದ್ದೆ ಸುಜಾತಾ. ಚೂರಿ ತೋರ್ಸಿ ಕೇಳಿದ್ದೆ. ಡ್ರಮ್ ತೆರದಿಟ್ಟವರು ಯಾರು ಹೇಳು, ನೀ ಅಲ್ಲಂದ್ರ ಬಿಟ್ಟ ಬಿಡ್ತೀನಿ ಅಂದಿದ್ದೆ.”

“ಏನಂದ?”

“‘ನಾನ ತೆರದಿಟ್ಟೆ’ ಅಂದ.”

ಪೊಲೀಸು ಬಂದು ಹೊತ್ತಾಯಿತು ಎಂದ. ಹೊರಗೆ ಬೇವಿನ ಗಿಡದ ಕೆಳಗೆ ಅತ್ತಿ ಬುತ್ತಿಯ ಗಂಟು ಹಿಡಿದುಕೊಂಡು ಕಾಯುತ್ತಿದ್ದರು. “ಏನಂದ?” ಎಂದು ಕೇಳಿದರು. ಅವರ ಪಕ್ಕ ನೆಲದ ಮೇಲೆ ಕೂತು, ಈ ಸಲ ಒಂದನ್ನೂ ಬಿಡದೆ ಹೇಳಿದೆ.